ಕೆಂಪು ಮೆತ್ತೆಯ ಹಗೆ

ಗೊಮ್ಮಾರ್ ಸೈಕಲ್ಲಿನಿಂದ ಇಳಿದ. ಅವನ ಸೊಂಟದ ಕೆಳಗಿನ ಭಾಗ ಮಾತ್ರ ಇಳಿಯಲು ಒಪ್ಪಲಿಲ್ಲ. ಎತ್ತಿದ ಕಾಲು ಯಾರದೋ, ಊರಿದ ಕಾಲು ಇನ್ಯಾರದೋ ಎಂಬಂತಾಗಿ, ಎಲ್ಸ್‌ಬೇಕ್ ಊರಿನ ಕೆಫೆಯ ಅಂಗಳದಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಮುದುಕರ ಮೇಜಿನ ಮೇಲೆ ಅವನು ಸಾಷ್ಟಾಂಗ ಬಿದ್ದ. ನಾಲ್ಕು ಗ್ಲಾಸು ಬಿಯರು, ಒಂದು ತಟ್ಟೆ ಚೀಸು, ಗೆಲ್ಲುತ್ತಿದ್ದವನ ಎಲೆಗಳು, ಎಲ್ಲ ಅವನ ಎದೆಯಡಿಗೆ ಸೇರಿಕೊಂಡವು.

"ಏಳಪ್ಪ, ಗೆಲ್ತಾ ಇದ್ದೆ ನಾನು," ಎಂದ ಆ ಮುದುಕ. ಏಳುವುದಕ್ಕೆ ಕಾಲು ಬೇಕಲ್ಲ.

ಗೊಮ್ಮಾರ್‌ಗೆ ಐವತ್ತೆರಡು. ಊರಿನ ಕಚೇರಿಯಲ್ಲಿ ಹುಟ್ಟು, ಸಾವು, ಮದುವೆ ಬರೆದುಕೊಳ್ಳುವ ಗುಮಾಸ್ತ. ಇಪ್ಪತ್ತೆಂಟು ವರ್ಷದಿಂದ ಒಂದೇ ಕಿಟಕಿಯ ಹಿಂದೆ ಕೂತವನು. ಕೂರುವುದರಲ್ಲಿ ತನ್ನನ್ನು ಮೀರಿಸುವವರು ಇಡೀ ಫ್ಲಾಂಡರ್ಸ್ ಸೀಮೆಯಲ್ಲಿ ಇಲ್ಲವೆಂಬ ಧೈರ್ಯದಿಂದಲೇ, ಡಾಕ್ಟರು ಬೊಜ್ಜು ಕರಗಿಸು ಎಂದಾಗ, ಅವನು ಭಾನುವಾರದ ಸೈಕಲ್ ಸಂಘಕ್ಕೆ ಸೇರಿದ್ದ. ನಲವತ್ತು ಕಿಲೋಮೀಟರಿಗೆ ಆ ಧೈರ್ಯ ಕರಗಿತು. ಬೊಜ್ಜು ಅಲ್ಲೇ ಇತ್ತು.

ಸಂಘದ ಅಧ್ಯಕ್ಷ ಒದಿಲೋನ್, ನಿವೃತ್ತ ವ್ಯಾಯಾಮದ ಮೇಷ್ಟ್ರು, ಕೌಂಟರಿಗೆ ಮೊಣಕೈ ಊರಿ ನಿಂತೇ ಬಿಯರು ಹೀರುತ್ತಿದ್ದರು. ಸವಾರಿ ಮುಗಿದ ಮೇಲೆ ಅವರು ಕೂತದ್ದನ್ನು ಯಾರೂ ಕಂಡಿಲ್ಲ. ಅದು ಅಧ್ಯಕ್ಷಗಿರಿಯ ಗತ್ತು ಎಂದು ಎಲ್ಲರೂ ತಿಳಿದಿದ್ದರು.

"ಹೊಸಬರ ಅಂಡಿಗೆ ಬುದ್ಧಿ ಬರೋಕೆ ಸಾವಿರ ಕಿಲೋಮೀಟರ್ ಬೇಕು ಕಣಯ್ಯ," ಎಂದು ಅವರು ನಗುತ್ತ ಗೋಡೆಯತ್ತ ಗದ್ದ ಎತ್ತಿ ತೋರಿಸಿದರು. "ಅಲ್ಲೀವರೆಗೂ ಅದು ನಿಂಗೇ ಕಾಯ್ತಿರುತ್ತೆ."

ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ವೆಲ್ವೆಟ್ಟಿನ ಮೆತ್ತೆ ಇತ್ತು. ನಾಲ್ಕು ಮೂಲೆಗೂ ಬಂಗಾರದ ಕುಚ್ಚು. ಅಕ್ಟೋಬರಿನ ಕೊನೆಯ ಭಾನುವಾರ ಸಂಘದವರು ಕಲ್ಲುಹಾಸಿನ ದಾರಿಗಳಲ್ಲಿ ನೂರು ಕಿಲೋಮೀಟರ್ ತುಳಿದು ಬರುತ್ತಾರೆ. ಬಂದ ಕೂಡಲೇ ಆ ವರ್ಷದ ಹೊಸಬರು ಓಕ್ ಮರದ ಬರಿ ಬೆಂಚಿನ ಮೇಲೆ ಕೂತು ಒಂದು ಬಟ್ಟಲು ಸಾರು ಕುಡಿಯಬೇಕು. ಬಟ್ಟಲು ಬರಿದಾಗುವುದರೊಳಗೆ ಎಲ್ಲರಿಗಿಂತ ಮೊದಲು ಎದ್ದವನು ನವೆಂಬರಿನ ಔತಣದಲ್ಲಿ ಎಲ್ಲರೆದುರು ಈ ಮೆತ್ತೆಯ ಮೇಲೆ ವಿರಾಜಮಾನನಾಗಬೇಕು. ಪ್ರತಿ ಬಡಿಸುವಿಕೆಗೂ ಸಂಘವೆಲ್ಲ ಎದ್ದು ಅವನ ಹಿಂಭಾಗದ ಆರೋಗ್ಯಕ್ಕೆ ಗ್ಲಾಸು ಎತ್ತುತ್ತದೆ. ಯಾರೂ ಏಳದಿದ್ದರೆ ಅಧ್ಯಕ್ಷರೇ ಕೂರಬೇಕು. ಆ ಕೊನೆಯ ನಿಯಮವನ್ನು ಒದಿಲೋನ್ ಮೇಷ್ಟ್ರೇ ಮೀಸೆ ತಿರುವಿಕೊಂಡು ಸೇರಿಸಿದ್ದರು. ವರ್ಷಕ್ಕೆ ಮೂರು ನಾಲ್ಕು ಹೊಸಬರು ಬರುವಾಗ ಒಬ್ಬನಾದರೂ ಎದ್ದೇ ಏಳುತ್ತಿದ್ದ.

ಈ ವರ್ಷ ಬಂದ ಹೊಸಬ ಗೊಮ್ಮಾರ್ ಒಬ್ಬನೇ.

ಅವನಿಗೆ ಮೇಷ್ಟ್ರು ಉಪದೇಶವನ್ನೂ ಕೊಟ್ಟರು. ಆದಷ್ಟು ಮೆತ್ತಗಿನ, ದಪ್ಪ ಸೀಟು ಹಾಕಿಸು. ಸವಾರಿಯ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕು, ಎರಡಿದ್ದರೆ ಎರಡು. ದಾರಿಯುದ್ದಕ್ಕೂ ಅಲುಗಾಡದೆ ಕೂರು. ಗೊಮ್ಮಾರ್ ಸರ್ಕಾರಿ ನೌಕರ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ. ಫಲವಾಗಿ ಚಡ್ಡಿಯ ಹೊಲಿಗೆಗಳೆಲ್ಲ ಅವನ ಚರ್ಮದ ಮೇಲೆ ನಕ್ಷೆ ಬರೆದವು. ಮೆತ್ತಗಿನ ಸೀಟು ಹಿಟ್ಟಿನಂತೆ ಕುಸಿದು, ಒತ್ತಬಾರದ ಕಡೆಯೇ ಮೇಲೆದ್ದು ಒತ್ತಿತು. ಅರ್ಧ ಗಂಟೆಗೆಲ್ಲ ಮರಗಟ್ಟಿ, ಅಂಗಾಂಗಗಳಲ್ಲಿ ಕೆಲವು ಹೇಳದೆ ಕೇಳದೆ ಊರು ಬಿಟ್ಟವೇನೋ ಎಂಬ ಅನುಮಾನ ಶುರುವಾಯಿತು. ಸೋಮವಾರ ಒಂದು ಮದುವೆಯನ್ನು ನಿಂತೇ ದಾಖಲಿಸಿದ. ತಮ್ಮ ಮೇಲಿನ ಗೌರವಕ್ಕೆ ನಿಂತಿದ್ದಾನೆಂದು ತಿಳಿದು ಹುಡುಗಿಯ ತಾಯಿ ಕಣ್ಣೊರೆಸಿಕೊಂಡರು. ಮನೆಯಲ್ಲಿ ಹೆಂಡತಿ ಮಾತ್ರ, ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಬೇಡ, ಎಲ್ಲಾದರೂ ಒಂದು ಕಡೆ ಬಿದ್ದುಕೋ ಎಂದಳು.

ಸಡಿಲವಾದ ಚೈನಿನ ನೆಪದಲ್ಲಿ ಅವನು ಗೋಡಲೀವ್‌ಳ ಅಂಗಡಿಗೆ ಹೋದದ್ದು ಆಗಲೇ. ಇಗರ್ಜಿಯ ಹಿಂದಿನ ಓಣಿಯಲ್ಲಿ, ಅವಳಪ್ಪ ಕುದುರೆಯ ಜೀನು ಹೊಲಿಯುತ್ತಿದ್ದ ಹಳೇ ಕೊಟ್ಟಿಗೆಯಲ್ಲಿ, ಅವಳ ಸೈಕಲ್ ರಿಪೇರಿ. ಐವತ್ತು ವರ್ಷದ ಗಿಡ್ಡ ಹೆಂಗಸು, ಮಾತು ಕಮ್ಮಿ. ಅವನು ಬಾಗಿಲಿನಿಂದ ಮೇಜಿನವರೆಗೆ ನಡೆದು ಬಂದದ್ದನ್ನು ನೋಡಿ ಚೈನಿನ ಕಡೆ ತಿರುಗಲೇ ಇಲ್ಲ.

"ಎಷ್ಟು ಹೊತ್ತಿಗೆ ಮರಗಟ್ಟುತ್ತೆ?"

ಗೊಮ್ಮಾರ್ ಕಿವಿಯವರೆಗೂ ಕೆಂಪಾದ. "ಚೈನು..." ಎಂದ.

"ಚೈನು ಮರಗಟ್ಟಲ್ಲ. ಕೂತ್ಕೋ ಇಲ್ಲಿ."

ಸ್ಟೂಲಿನ ಮೇಲೆ ಒಂದು ತುಂಡು ರಟ್ಟು ಹಾಕಿ ಅದರ ಮೇಲೆ ಕೂರಿಸಿದಳು, ಎಬ್ಬಿಸಿದಳು. ರಟ್ಟಿನಲ್ಲಿ ಎರಡು ಕುಳಿ ಬಿದ್ದಿದ್ದವು. ಅವುಗಳ ನಡುವಿನ ದೂರ ಅಳೆದು, ನಿನ್ನ ಭಾರ ಹೊರಬೇಕಾದದ್ದು ಈ ಎರಡು ಮೂಳೆ, ಮಿಕ್ಕದ್ದಕ್ಕೆ ಆ ಕೆಲಸ ಕೊಡಬೇಡ ಎಂದಳು. ಮೆತ್ತನೆ ಸೀಟು ಕಿತ್ತು ಮೂಲೆಗೆಸೆದು, ಆ ಅಳತೆಗೆ ತಕ್ಕ ಅಗಲದ, ಬಿಗಿಯಾದ ಚರ್ಮದ ಸೀಟು ಕೂರಿಸಿದಳು. ಮಟ್ಟಗೋಲು ಇಟ್ಟು ಅದರ ಮುಂದಿನ ಮೂತಿ ಮೇಲೆದ್ದು ಒತ್ತದಂತೆ ಸಮ ಮಾಡಿದಳು. ಹಿಮ್ಮಡಿ ಪೆಡಲಿನ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟಕ್ಕೆ ಎತ್ತರ ಇಳಿಸಿದಳು. ಒಳಚಡ್ಡಿ ಬೇಡವೇ ಬೇಡ, ಉಜ್ಜುವ ಕಡೆ ಮುಲಾಮು ಹಚ್ಚು. ಹತ್ತು ನಿಮಿಷಕ್ಕೊಮ್ಮೆ ಪೆಡಲಿನ ಮೇಲೆ ಎದ್ದು ನಿಲ್ಲು. ಕಲ್ಲುಹಾಸು ಬಂದರೆ ಸೀಟಿನಿಂದ ಅಂಗುಲ ಎದ್ದಿರು. ಈ ವಾರ ಹತ್ತೇ ಕಿಲೋಮೀಟರ್, ಮುಂದಿನ ವಾರ ಹದಿನೈದು. ಮರಗಟ್ಟಿದರೆ ಹಲ್ಲು ಕಚ್ಚಿ ತುಳಿಯಬೇಡ, ಇಳಿದು ಇಲ್ಲಿಗೆ ಬಾ.

"ಒದಿಲೋನ್ ಮೇಷ್ಟ್ರು ಬೇರೆ ಥರ ಹೇಳಿದ್ರು," ಎಂದ ಗೊಮ್ಮಾರ್.

ಗೋಡಲೀವ್ ಸ್ಪ್ಯಾನರು ಕೆಳಗಿಟ್ಟಳು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಸಂಘಕ್ಕೆ ಸೇರಿದ ಮೊದಲ ಹೆಣ್ಣು ತಾನೆಂದು, ಹವಾಮಾನ ವರದಿ ಓದುವವಳ ಧ್ವನಿಯಲ್ಲಿ ಹೇಳಿದಳು. ಮೇಷ್ಟ್ರು ಕೊಟ್ಟದ್ದು ತಮ್ಮದೇ ಹಳೇ ಸೀಟು. ಕಿರಿದು, ಮೂತಿ ಮುಗಿಲಿಗೆ. ಮರಗಟ್ಟುತ್ತೆ ಅಂದಾಗ ಎಲ್ಲರೆದುರು, "ಒಳ್ಳೇದೇ ಆಯ್ತಲ್ಲಮ್ಮ, ನೋವು ಗೊತ್ತಾಗಲ್ಲ" ಅಂದಿದ್ದರು. ಹುಣ್ಣಾಗಿ ರಕ್ತ ಬಂತು. ಬೆಂಚಿನ ಮೇಲೆ ಎರಡನೇ ಚಮಚೆಗೇ ಎದ್ದಳು. ಔತಣದ ದಿನ ಆ ಮೆತ್ತೆಯ ಮೇಲೆ ಕೂತು, ನಗುವವರನ್ನು ಎಣಿಸಿದಳು. ಮೂವತ್ತನಾಲ್ಕು ಜನ. ಮರುವರ್ಷ ಅಂಗಡಿ ತೆರೆದಾಗ ಮೊದಲ ಗಿರಾಕಿಯಾಗಿ ಬಂದವರು ಅದೇ ಮೇಷ್ಟ್ರು. ಎಲ್ಲ ನೋಡು, ನನ್ನ ಸೀಟು ಮಾತ್ರ ಮುಟ್ಟಬೇಡ, ಹೆಂಗಸರಿಗೆ ಅದು ತಿಳಿಯಲ್ಲ ಅಂದರು. ಪ್ರತಿ ವಸಂತಕ್ಕೂ ಬರುತ್ತಾರೆ. ಆವತ್ತಿನದನ್ನು ಮರೆತೇಬಿಟ್ಟಿದ್ದಾರೆ.

"ಅವರ ಸೀಟಿನ ಮೂತಿ ಇವತ್ತಿಗೂ ಒಂದು ಬೆರಳು ಮೇಲಿದೆ," ಎಂದು ಅವಳು ಮತ್ತೆ ಸ್ಪ್ಯಾನರು ಎತ್ತಿಕೊಂಡಳು. "ಗೊಮ್ಮಾರ್, ಆ ಬೆಂಚಿನಿಂದ ನೀನು ಎದ್ದರೆ ಈ ಅಂಗಡಿಗೆ ಮತ್ತೆ ಕಾಲಿಡಬೇಡ."

ಹಾವಿನ ಹಗೆ ಹನ್ನೆರಡು ವರ್ಷ ಎನ್ನುತ್ತಾರೆ. ಇದು ಎರಡು ಹಾವುಗಳ ಹಗೆ, ಮೇಲೆ ಎರಡು ವರ್ಷ ಬಡ್ಡಿ. ಗೊಮ್ಮಾರ್‌ಗೆ ಭಯವಾಯಿತು. ಆದರೆ ಸಾವಿರ ಕಿಲೋಮೀಟರ್ ಬೇಕೆಂದ ಮೇಷ್ಟ್ರ ಆ ನಗು ನೆನಪಾಗಿ, ಭಯದ ಅಡಿಯಲ್ಲಿ ತನ್ನದೂ ಒಂದು ಪುಟ್ಟ ಹಾವು ಹೆಡೆಯೆತ್ತಿದ್ದು ತಿಳಿದು, ಆ ವಯಸ್ಸಿನಲ್ಲಿ ಅವನಿಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಎರಡು ತಿಂಗಳು ಅವನು ಅವಳ ಮಾತಿನಂತೆ ತುಳಿದ. ಸಂಘದ ಜೊತೆ ಹೋಗುವಾಗ ಬೇಕೆಂದೇ ಮುಖ ಹಿಂಡಿಕೊಳ್ಳುತ್ತಿದ್ದ. ಇಳಿದ ಮೇಲೆ ಬಾತುಕೋಳಿಯಂತೆ ನಡೆಯುತ್ತಿದ್ದ. ಮೇಷ್ಟ್ರು ಮೆತ್ತೆಯ ಕುಚ್ಚುಗಳನ್ನು ಒಗೆಸಿ ಇಡಿಸಿದರು.

ಅಕ್ಟೋಬರಿನ ಕೊನೆಯ ಭಾನುವಾರ ಮಳೆ. ಕಲ್ಲುಹಾಸು ಸೋಪು ಹಚ್ಚಿದ ಹಾಗಿತ್ತು. ನೂರು ಕಿಲೋಮೀಟರ್ ಮುಗಿಸಿ ಬಂದ ಗೊಮ್ಮಾರ್ ಕೆಫೆಯ ಒಳಗೆ ಬೆಂಚಿನ ಮೇಲೆ ಕೂತ. ಸಂಘದವರು ಸುತ್ತ ನಿಂತರು. ಗೋಡಲೀವ್ ಬಂದು ಬಾಗಿಲ ಬಳಿ ಒದ್ದೆ ಕೊಡೆ ಹಿಡಿದು ನಿಂತಿದ್ದಳು. ಮೇಷ್ಟ್ರೇ ಸೌಟು ಹಿಡಿದು ಬಡಿಸಿದರು. ಬಟ್ಟಲು ಅರ್ಧಕ್ಕೆ ಬಂತು. ಮೇಷ್ಟ್ರು, ಮಳೆಯಲ್ಲಿ ನೆಂದಿದ್ದಾನೆ ಪಾಪ ಎಂದು ಮತ್ತೆ ತುಂಬಿದರು. ಗೊಮ್ಮಾರ್ ಕುಡಿದ. ಮೇಷ್ಟ್ರು ಇನ್ನೊಮ್ಮೆ ತುಂಬಿದರು. ಅವನು ಅದನ್ನೂ ಕುಡಿದು, ಬ್ರೆಡ್ಡಿನ ಚೂರಿನಿಂದ ತಳ ಒರೆಸಿ ತಿಂದು, ಬೆಂಚಿನ ಮೇಲೆ ಇನ್ನೂ ಸ್ವಲ್ಪ ಹಿಂದಕ್ಕೆ ಸರಿದು ಕೂತ.

"ಚೆನ್ನಾಗಿದೆ. ನೀವೂ ಕೂತ್ಕೊಂಡು ಒಂದು ಬಟ್ಟಲು ಕುಡೀರಿ, ಮೇಷ್ಟ್ರೇ."

"ನಂಗೆ ನಿಂತು ಅಭ್ಯಾಸ."

"ಅಲ್ವೇ ಮತ್ತೆ," ಎಂದ ಇಸ್ಪೀಟಿನ ಮುದುಕ, ಬೇಸಿಗೆಯಲ್ಲಿ ಗೆಲ್ಲುತ್ತಿದ್ದವನು. "ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಸೈಕಲ್ ಇಳಿದ ಮೇಲೆ ಇವ್ರು ಕೂತಿದ್ದು ನಾ ಕಾಣೆ."

ಎಲ್ಲರೂ ಮೇಷ್ಟ್ರತ್ತ ತಿರುಗಿದರು. ಮೇಷ್ಟ್ರು ಸೌಟು ಇಟ್ಟು, ಎದೆ ಸೆಟೆಸಿ, ಗೊಮ್ಮಾರ್‌ನ ಪಕ್ಕ ಬೆಂಚಿನ ಮೇಲೆ ಕೂತರು. ಕೂತ ವೇಗದಲ್ಲೇ ಎದ್ದರು. ಮತ್ತೊಮ್ಮೆ ಕೂರಲು ಬಾಗಿ, ದಾರಿಯ ಮಧ್ಯೆಯೇ ಮನಸ್ಸು ಬದಲಿಸಿ, ಮೊಣಕೈಗಾಗಿ ಕೌಂಟರನ್ನು ಹುಡುಕಿದರು. ಮೊದಲು ನಕ್ಕವನು ಮುದುಕ. ಆಮೇಲೆ ಯಾರನ್ನೂ ತಡೆಯುವಂತಿರಲಿಲ್ಲ. ಗೋಡಲೀವ್ ನಗಲಿಲ್ಲ; ಅವಳ ತುಟಿ ಮಾತ್ರ ಮೆಲ್ಲಗೆ ಅಲುಗುತ್ತಿತ್ತು. ಎಣಿಸುತ್ತಿದ್ದಾಳೆ ಎಂದು ಗೊಮ್ಮಾರ್‌ಗೆ ಗೊತ್ತಾಯಿತು.

ನವೆಂಬರಿನ ಔತಣಕ್ಕೆ ಅವಳು ಗೊಮ್ಮಾರ್‌ನ ಅತಿಥಿಯಾಗಿ ಬಂದಳು. ಪೆಟ್ಟಿಗೆಯಿಂದ ಮೆತ್ತೆಯನ್ನು ತಾನೇ ತೆಗೆದು, ಎರಡು ಸಲ ತಟ್ಟಿ ಧೂಳು ಕೊಡವಿ, ಮೇಷ್ಟ್ರ ಕುರ್ಚಿಯ ಮೇಲಿಟ್ಟು, ಎದುರಿನ ಜಾಗದಲ್ಲೇ ಕೂತಳು. ಸಾರಿಗೆ ಒಮ್ಮೆ, ಮೊಲದ ಮಾಂಸಕ್ಕೆ ಒಮ್ಮೆ, ಹುರಿದ ಆಲೂಗಡ್ಡೆಗೆ ಒಮ್ಮೆ ಸಂಘವೆಲ್ಲ ಎದ್ದು ಅಧ್ಯಕ್ಷರ ಹಿಂಭಾಗಕ್ಕೆ ಗ್ಲಾಸು ಎತ್ತಿತು. ಅವಳು ಪ್ರತಿ ಸಲವೂ ಎಲ್ಲರಿಗಿಂತ ಮೊದಲು ಎದ್ದಳು, ಎಲ್ಲರಿಗಿಂತ ಕೊನೆಗೆ ಕೂತಳು. ಮೇಷ್ಟ್ರ ಮುಖದಲ್ಲಿ ಅವಮಾನವಿತ್ತು; ಜೊತೆಗೆ, ಮೆತ್ತೆಯ ದಯೆಯಿಂದ, ಬಿಸಿನೀರಿಗೆ ಇಳಿದವನ ಸುಖವೂ ಇತ್ತು. ಅವೆರಡೂ ಒಂದೇ ಮುಖದಲ್ಲಿ ಹಿಡಿಸುತ್ತಿರಲಿಲ್ಲ.

ಕಾಫಿ ಬಂದಾಗ ಅವರು ಮೇಜಿನ ಮೇಲೆ ಬಾಗಿದರು. ಅಷ್ಟರಲ್ಲಿ ಗೊಮ್ಮಾರ್‌ನ ಬಾಯಿಂದ ಮಟ್ಟಗೋಲಿನ ಕತೆ ಊರಿಗೆಲ್ಲ ಹಬ್ಬಿ, ಅವರ ಕಿವಿಗೂ ಬಿದ್ದಿತ್ತು.

"ಇಪ್ಪತ್ತೈದು ವರ್ಷ ನನ್ನ ಸೈಕಲ್ ನಿನ್ನ ಕೈಯಲ್ಲೇ ಇತ್ತಲ್ಲ ಗೋಡಲೀವ್," ಎಂದರು, ಧ್ವನಿ ತಗ್ಗಿಸಿ. "ಮೂತಿ ಮೇಲಿರೋದು ನಿಂಗೆ ಕಾಣಿಸ್ತಾನೇ ಇತ್ತು. ಒಂದು ದಿನಾನಾದ್ರೂ ಇಳಿಸಬಾರದಿತ್ತಾ?"

ಗೋಡಲೀವ್ ಕಾಫಿಗೆ ಸಕ್ಕರೆ ಹಾಕಿ, ನಿಧಾನವಾಗಿ ಕಲಕಿ, ಚಮಚೆಯನ್ನು ಬಸಿಯಲ್ಲಿಟ್ಟಳು.

"ಮುಟ್ಟಬೇಡ ಅಂದಿದ್ರಿ."