ನಡುವಿನ ಹೆಸರು ನನ್ನ ಪಾಲಿಗೆ ಬಂತು

ಮೊಮ್ಮಗನಿಗೆ ಮಧ್ಯದಲ್ಲೊಂದು ಹೆಸರು ಬೇಕು, ಅದನ್ನು ನಾನೇ ಆರಿಸಬೇಕು ಎಂದು ಸೊಸೆ ಹೇಳಿದಾಗ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಸುಲಿದದ್ದನ್ನು ಸಿಪ್ಪೆಗೆ ಹಾಕಿದೆ, ಸಿಪ್ಪೆಯನ್ನು ಬಟ್ಟಲಿಗೆ ಹಾಕಿದೆ. ಆಮೇಲೆ ಎಲ್ಲವನ್ನೂ ಮತ್ತೆ ಆಯಬೇಕಾಯಿತು.

ಬಾಣಂತನಕ್ಕೆ ಜಯನಗರದ ತವರಿಗೆ ಹೋಗಿದ್ದವಳು ತೊಟ್ಟಿಲು ಶಾಸ್ತ್ರಕ್ಕೆಂದು ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಮಗುವಿನ ಕರೆಯುವ ಹೆಸರನ್ನು ಗಂಡ ಹೆಂಡತಿ ಇಬ್ಬರೂ ಆಗಲೇ ಗೊತ್ತು ಮಾಡಿದ್ದರು.

"ಅತ್ತೆ, ದೇವರ ಹೆಸರು ಬೇಡ. ಗಿಡನೋ, ಹಕ್ಕಿನೋ, ಮಳೆನೋ, ಅಂಥದ್ದು ಏನಾದ್ರೂ ಹೇಳಿ. ಯಾರೂ ಇಟ್ಟಿರಬಾರದು, ಅಷ್ಟೆ."

ನನ್ನ ಇಬ್ಬರು ಮಕ್ಕಳಿಗೂ ಹೆಸರಿಟ್ಟವರು ನನ್ನ ಮಾವ. ತೊಟ್ಟಿಲಿಗೆ ಹಾಕುವ ಹೊತ್ತಿಗೇ ನನಗೂ ಗೊತ್ತಾದದ್ದು. ಅದಕ್ಕೆ ನಾನು ಬೇಸರಪಟ್ಟವಳಲ್ಲ. ನನ್ನನ್ನೂ ಕೇಳಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಈಗ ಒಬ್ಬಳು ಕೇಳಿಬಿಟ್ಟಿದ್ದಳು. ಖುಷಿಗೆ ಎದೆ ಉಬ್ಬಿತು, ಹಿಂದೆಯೇ ಹೆದರಿಕೆಯೂ ಆಯಿತು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಏನೋ ಒಂದು ಹೇಳಿ, ಹುಡುಗ ಬದುಕಿಡೀ ಅದನ್ನು ಹೊತ್ತು ತಿರುಗುವ ಹಾಗಾದರೆ?

ಅದಕ್ಕಿಂತ ಮೊದಲು, ಮಧ್ಯ ಎಂದರೆ ಎಲ್ಲಿ ಎಂಬುದೇ ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಕೊನೆಗೆ ಹೆಸರು. ಮಧ್ಯದಲ್ಲಿ ಆಗಲೇ ಅಪ್ಪ ಕೂತಿರುತ್ತಾನೆ. ಯಜಮಾನರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲೂ ಇಲ್ಲ.

"ಮಧ್ಯದಲ್ಲಿ ಮರ ನೆಟ್ರೆ ನಿನ್ನ ಮಗ ಎಲ್ಲಿಗೆ ಹೋಗ್ಬೇಕು? ಮರದ ಮೇಲಾ?"

ಮಗ ಮೊಬೈಲಿನಲ್ಲಿ ಏನೇನೋ ತೋರಿಸಿ ಬಿಡಿಸಿ ಹೇಳಿದ. ಅವನು ಹೇಳುವಾಗ ಎಲ್ಲ ತಿಳಿದಂತಿತ್ತು. ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ಹೋಯಿತು.

ನಾನು ಹುಟ್ಟಿದ್ದು ತಲಘಟ್ಟಪುರದ ಕಡೆ, ರಾಗಿ ಹೊಲದ ಮನೆಯಲ್ಲಿ. ಅದಕ್ಕೇ ಮೊದಲು ಬಾಯಿಗೆ ಬಂದದ್ದು "ರಾಗಿ".

"ಅಮ್ಮಾ, ಸ್ಕೂಲಲ್ಲಿ ಮುದ್ದೆ ಅಂತಾರೆ ಕಣಮ್ಮ!" ಎಂದ ಮಗ.

ಗೀಜಗ ಎಂದೆ. ಸೊಸೆ ನಗು ತಡೆದುಕೊಂಡಳು. ಹೊಂಗೆ ಎಂದೆ.

"ಹೊಂಗೆ ಅಂದ್ರೆ ಹಿಂಡಿ, ಎಣ್ಣೆ. ಗೊಬ್ಬರದ ಅಂಗಡಿ ವಾಸನೆ ಬರುತ್ತೆ," ಎಂದು ಮಗ ಅದನ್ನೂ ತಳ್ಳಿಹಾಕಿದ. ಸೊಸೆ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಮಗು ಅತ್ತಿತು.

ಆ ವಾರವೆಲ್ಲ ಕಣ್ಣಿಗೆ ಬಿದ್ದದ್ದೆಲ್ಲ ನನಗೆ ಹೆಸರಿನಂತೆ ಕಂಡಿತು. ತರಕಾರಿ ಗಾಡಿಯ ಮುಂದೆ ನಿಂತು ಕೊತ್ತಂಬರಿ ಸೊಪ್ಪನ್ನು ಎಷ್ಟು ಹೊತ್ತು ನೋಡಿದೆನೋ, ಗಾಡಿಯವನು "ಫ್ರೆಶ್ಶೇ ಅಮ್ಮಾ, ಅನುಮಾನ ಬೇಡ" ಎಂದ. ಹೆಸರು ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನನಗೆ ಗೊತ್ತಿದ್ದದ್ದು ಒಂದೇ ದಾರಿ, ಕೂಗಿ ನೋಡುವುದು. ತಾರಸಿಗೆ ಹೋಗಿ ರಸ್ತೆಯ ಕಡೆ ತಿರುಗಿ, ಆಡಲು ಹೋದ ಹುಡುಗನನ್ನು ಊಟಕ್ಕೆ ಕರೆಯುವ ಹಾಗೆ "ಮುಗಿಲೂ... ಲೋ ಮುಗಿಲೂ..." ಎಂದೆ. ಬಟ್ಟೆ ಒಣಹಾಕುತ್ತಿದ್ದ ಮೇಲಿನ ಬಾಡಿಗೆ ಮನೆಯ ಹುಡುಗಿ ಓಡಿ ಬಂದಳು.

"ನಾಯಿ ಕಳೆದುಹೋಯ್ತಾ ಆಂಟಿ?"

ಕೆಳಗೆ ಬಂದು ಇದನ್ನು ಹೇಳಿದರೆ ಸೊಸೆ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಅತ್ತೆ, ಮಧ್ಯದ ಹೆಸರನ್ನ ಯಾರೂ ಕರೆಯಲ್ಲ. ಸುಮ್ನೆ ಇರುತ್ತೆ."

ಕರೆಯದ ಹೆಸರನ್ನು ಯಾಕೆ ಇಡುತ್ತಾರೆ ಎಂದು ನನಗೆ ಇನ್ನಷ್ಟು ಗೊಂದಲವಾಯಿತು. ಆದರೆ ಮುಗಿಲು ಎಂದ ಕೂಡಲೇ ಮಗ ಸೊಸೆ ಇಬ್ಬರ ಮುಖವೂ ಅರಳಿತ್ತು. ಇವರ ಬಾಯಿಗೆ ಒಪ್ಪುವ ಮಾತು ನನ್ನ ಬಾಯಿಂದ ಬಂತಲ್ಲ, ಸಾಕು ಎಂದುಕೊಂಡು "ಹಾಗಾದರೆ ಅದೇ" ಎಂದುಬಿಟ್ಟೆ.

ಶಾಸ್ತ್ರದ ದಿನ ಮನೆ ತುಂಬ ಜನ. ಮಗ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದ ತುದಿಯಲ್ಲಿ ಮಗುವಿನ ಹೆಸರು ಬರೆದ. ಅದರ ಕೆಳಗೆ ಮುಗಿಲು ಎಂದು ಬರೆದ. ಸೋದರತ್ತೆ, ಎಂದರೆ ನನ್ನ ಮಗಳು, ತೊಟ್ಟಿಲಿಗೆ ಬಾಗಿ ಮೊದಲ ಹೆಸರನ್ನು ಕಿವಿಯಲ್ಲಿ ಹೇಳಿದಳು. ಆಮೇಲೆ ತಲೆ ಎತ್ತಿ, "ಮಧ್ಯದ್ದನ್ನೂ ನಾನೇ ಹೇಳ್ಬೇಕಾ?" ಎಂದಳು. ಎಲ್ಲರೂ ಪುರೋಹಿತರ ಮುಖ ನೋಡಿದರು. ಅವರು, "ಇದಕ್ಕೆಲ್ಲ ನನ್ನ ಹತ್ರ ಮಂತ್ರ ಇಲ್ಲಮ್ಮ. ಆರಿಸಿದವರೇ ಹೇಳ್ಲಿ," ಎಂದರು.

ನಾನು ತೊಟ್ಟಿಲಿಗೆ ಬಾಗಿದೆ. ಬೇವಿನ ಹೊಗೆಯ ವಾಸನೆ, ಹಾಲಿನ ವಾಸನೆ, ಬೆಣ್ಣೆಯಂಥ ಆ ಪುಟ್ಟ ಕಿವಿ. ಸೊಸೆ ತವರಿಗೆ ಹೋಗುವ ಮೊದಲು, ತುಂಬಿದ ಗರ್ಭಿಣಿಯಾಗಿದ್ದಾಗ, ಸಂಜೆ ಹೊತ್ತು ಇಬ್ಬರೂ ಕೆರೆಯ ಕಡೆ ನಡೆಯುತ್ತಿದ್ದೆವು. ದಾರಿಯ ಹೊಂಗೆ ಮರ ಬಂದರೆ ಅವಳು ಕಾಂಡಕ್ಕೆ ಕೈ ಕೊಟ್ಟು ನಿಂತು ಉಸಿರು ಬಿಡುತ್ತಿದ್ದಳು. ಒಂದು ದಿನ ಅಲ್ಲೇ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಇವನು ಒದ್ದದ್ದು ನನಗೆ ಮೊದಲು ಗೊತ್ತಾದದ್ದು ಆ ನೆರಳಿನಲ್ಲೇ. ಅದೆಲ್ಲ ಆಗ ಯಾಕೆ ನುಗ್ಗಿ ಬಂತೋ, ಕಣ್ಣು ತುಂಬಿಬಿಟ್ಟಿತು. ಬಾಯಿ ತಾನಾಗಿ "ಹೊಂಗೆ" ಎಂದಿತು. ಮೆಲ್ಲಗೆ ಅಲ್ಲ, ಅಡುಗೆಮನೆಯವರಿಗೂ ಕೇಳುವಷ್ಟು.

ಮಗ, "ಅಮ್ಮಾ! ಮುಗಿಲು!" ಎಂದ.

ಕಿವಿಯಲ್ಲಿ ಹೇಳಿದ ಹೆಸರನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ. ಒಂದೇ ಒಂದು ಕೆಲಸ ಕೊಟ್ಟಿದ್ದರು, ಅದನ್ನೂ ಕೆಡಿಸಿದೆನಲ್ಲ ಎಂದು ಸೊಸೆಯ ಮುಖ ನೋಡಿದೆ. ಅವಳು ಬಂದು ಅಂಗೈಯಿಂದ ಅಕ್ಕಿಯ ಕೆಳಗಿನ ಸಾಲನ್ನು ಸವರಿ ಸಮ ಮಾಡಿದಳು. ಗಂಡನ ಕೈಯಿಂದ ಉಂಗುರ ಕಸಿದು ನನಗೆ ಕೊಟ್ಟಳು.

"ಆವತ್ತೇ ಇದೇ ಇರ್ಲಿ ಅನ್ನೋಣ ಅಂತಿದ್ದೆ ಅತ್ತೆ. ನೀವೇ ಮುಗಿಲು ಅಂದ್ರಿ, ಸುಮ್ನಾದೆ. ಬರೀರಿ."

"ಎಲ್ಲಿ ಬರೀಲಮ್ಮ? ಮಧ್ಯ ಯಾವುದು ಇದರಲ್ಲಿ?"

"ಎಲ್ಲಿ ಜಾಗ ಇದೆಯೋ ಅಲ್ಲಿ."

ನನ್ನ ಅಕ್ಷರ ದಪ್ಪ. ಬರೆಯುತ್ತಾ ಬರೆಯುತ್ತಾ ಅಕ್ಕಿ ಮೇಲಕ್ಕೆ ಜಾರಿ ಮೊದಲ ಹೆಸರು ಅರ್ಧ ಮುಚ್ಚಿಹೋಯಿತು.

"ಅಯ್ಯೋ, ನಾನು ಬರೆದದ್ದು ಹೋಯ್ತು!" ಎಂದ ಮಗ.

"ಹೋದ್ರೆ ಇನ್ನೊಂದ್ಸಲ ಬರೀರಿ, ಕೈ ನೋವಾ?" ಎಂದಳು ಸೊಸೆ.