ಸೇವ್ ಒತ್ತಿದ ಕೈ

ಕತ್ತರಿಸಿದ ಕಲ್ಲಿಗೆ ಅನ್‌ಡೂ ಇಲ್ಲ. ತಾಂಡೂರಿನ ಕಲ್ಲಿನ ಧೂಳಿನಲ್ಲೇ ಮುದುಕನಾದ ನನಗೆ ಇದು ಗೊತ್ತಿರಲಿಲ್ಲವೇ?

ಹೋದ ವಾರ ಝರಾಸಂಗಂನ ಗಿರಾಕಿ ಶರಣಪ್ಪನವರು ನಮ್ಮ ಪಾಲಿಶ್ ಕಾರ್ಖಾನೆಗೆ ಬಂದು, ತಮ್ಮ ದೇವರ ಜಗಲಿಗೆ ಸಿದ್ಧವಾದ ಹಳದಿ ಕಲ್ಲು ನೋಡಿ ಕೆಂಡವಾದರು. ಒಂದೇ ತುಂಡಿನ ಹಾಸುಗಲ್ಲು. ಕಂಬ ಕೂರುವ ಕಚ್ಚು ಎಡಕ್ಕಿರಬೇಕಿತ್ತು, ಬಲಕ್ಕೆ ಬಂದಿತ್ತು.

"ಅಖಂಡ ಕಲ್ಲು ಹಾಳ್ ಮಾಡ್ಬಿಟ್ರಲ್ಲರಿ! ಸೊಸಿ ಕೈಯಾಗ ಕಂಪ್ಯೂಟರ್ ಕೊಟ್ಟು ನೀವು ಚಾ ಕುಡಕೋತ ಕುಂತ್ರ ಹಿಂಗೇ ಆಗ್ತದ."

ನಕ್ಷೆ ಬರೆಯುವವಳು ನನ್ನ ಸೊಸೆ ಮಹಾದೇವಿ. "ನಾ ಎಡಕ್ಕೇ ಹಾಕಿದ್ದೆನ್ರಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ತಿರುಗಿಸಿದವನು ನಾನು.

ಕಲ್ಲು ಕತ್ತರಿಸುವ ಮುಂಚೆ ಒಂದು ದಿನ, ಅವಳು ಊಟಕ್ಕೆ ಹೋದಾಗ, ಚಾಳೀಸು ಕನ್ನಡಕ ಏರಿಸಿ ಫೈಲ್ ತೆರೆದಿದ್ದೆ. ಜಗಲಿಯ ಮುಖ ಪೂರ್ವಕ್ಕಿಲ್ಲವಲ್ಲ ಎಂದು ನಾನೇ ಶಾಸ್ತ್ರ ಹೇಳಿಕೊಂಡು, ಚಿತ್ರವನ್ನು ಎಡಬಲ ಮಗುಚಿ ಸೇವ್ ಒತ್ತಿದ್ದೆ. (ಹತ್ತನೇ ಪಾಸಾದವನ ಧೈರ್ಯ!) ಅವಳ ನಕ್ಷೆ ಅಲ್ಲೇ ಅಳಿಸಿಹೋಯಿತು. ಈಗ ಬೈಸಿಕೊಂಡವಳು ಅವಳು. ನಾನು? ಚಾ ಮುಗಿಸಿದೆ.

ಜಹೀರಾಬಾದಿನಲ್ಲಿ ಕಂಪ್ಯೂಟರ್ ಕಲಿಸುವ ಅವಳ ತಂಗಿ ಭಾನುವಾರ ಬಂದಿದ್ದಳು. "ಅಕ್ಕಾ, ವರ್ಷನ್ ಕಂಟ್ರೋಲ್ ಅಂತ ಸಾಫ್ಟ್‌ವೇರ್ ಅದ. ಯಾರು ಏನ್ ಬದಲ್ ಮಾಡ್ಯಾರ ಎಲ್ಲಾ ಇಟಗೋತದ. ಹಳೇದು ಬೇಕಂದ್ರ ವಾಪಸ್ ಕೊಡ್ತದ."

ಎಷ್ಟೋ ವರ್ಷಗಳಿಂದ ಇದೆಯಂತೆ. ಪುಕ್ಕಟೆಯಂತೆ!

ತಂಗಿ ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ ತೆರೆದಳು. ಕಮಿಟ್, ಬ್ರಾಂಚ್, ಮರ್ಜ್, ರೀಬೇಸ್ ಎಂದು ಆಜ್ಞೆಗಳ ಸಾಲು. ಮಹಾದೇವಿ ಟೈಪ್ ಮಾಡಿದಳು. ಅದು ಇಂಗ್ಲಿಷಿನಲ್ಲಿ ಗದರಿತು. ಮತ್ತೆ ಮಾಡಿದಳು, ಮತ್ತೆ ಗದರಿತು. "ಸಾಕ್ ಬಿಡ ತಂಗಿ, ಇದಕ್ಕಿಂತ ನಮ್ಮ ಕಲ್ಲೇ ಮೆತ್ತಗ ಅದ" ಎಂದು ಎದ್ದುಬಿಟ್ಟಳು.

ನನಗೆ ಪಿತ್ತ ನೆತ್ತಿಗೇರಿತು. ಸಾಫ್ಟ್‌ವೇರ್ ಬರೆಯುವ ಸ್ವಾಮಿಗಳೇ, ತಪ್ಪು ಮಾಡುವವರು ನೀವು ಮಾತ್ರವೇ? ಇಷ್ಟು ದೊಡ್ಡ ಮನೆ ಕಟ್ಟಿ, ಬಾಗಿಲನ್ನು ನಿಮ್ಮೊಬ್ಬರ ಅಳತೆಗೇ ಇಟ್ಟುಕೊಂಡಿರಲ್ಲ! 'ಹಿಂದಿನದು ತೋರಿಸು', 'ಬದಲಿಸಿದವರು ಯಾರು' ಎಂದು ಎರಡು ಗುಂಡಿ, ನಮ್ಮ ಭಾಷೆಯಲ್ಲಿ. ಅಷ್ಟು ಕೊಡಲು ಏನು ಧಾಡಿ? ಅವು ಇದ್ದಿದ್ದರೆ ಕಲ್ಲೂ ಉಳಿಯುತ್ತಿತ್ತು, ಆ ಹೆಣ್ಣುಮಗಳ ಮರ್ಯಾದೆಯೂ ಉಳಿಯುತ್ತಿತ್ತು.

ಇಂದು ಬೆಳಿಗ್ಗೆ ಅವಳಿಗೆ ನಿಜ ಹೇಳಿದೆ.

"ಶರಣಪ್ಪನವ್ರು ಬೈದಾಗೇ ತಿಳದಿತ್ರಿ ಮಾವಾರ" ಎಂದಳು. "ಆ ದಿನ ಊಟದ ಹೊತ್ತಿನ್ಯಾಗ ನಿಮ್ಮ ಚಾಳೀಸು ಕೀಬೋರ್ಡ್ ಮ್ಯಾಲೇ ಬಿಟ್ಟಿದ್ರಿ. ಮಂದಿ ಮುಂದ ಹಿರ್‍ಯಾರ ಹೆಸರು ಹ್ಯಾಂಗ ಹೇಳ್ಲಿ?"

ಶರಣಪ್ಪನವರಿಗೆ ಫೋನ್ ಮಾಡಿ, ಅವಳ ಎದುರೇ ಒಪ್ಪಿಕೊಂಡೆ.

ಮುದುಕನ ಕನ್ನಡಕ ಇಷ್ಟು ಸುಲಭವಾಗಿ ಹೇಳಿದ್ದನ್ನು ಹೇಳಲು, ನಿಮ್ಮ ಸಾಫ್ಟ್‌ವೇರಿಗೆ ಅಷ್ಟೊಂದು ಬಿಗುಮಾನ ಯಾಕೆ?