ಬಾಗಿಲಿಗೆ ಬಂದ ಹೇಳಿಕೆ

ಆ ದಿನ ಮನೋರಮಾ ಹದಿನೆಂಟು ಜನರಿಗೆ ಅಡುಗೆ ಮಾಡಿದ್ದರು. ಉಂಡವರು ಮೂವರು.

ಶಂಕರಪುರದ ಮಲ್ಲಿಗೆ ತೋಟಗಳ ಆಚೆ, ಒಂದೇ ಕಾಂಪೌಂಡಿನೊಳಗೆ ಒಂಬತ್ತು ಮನೆಗಳಿವೆ. ಮಲಗುವ ಕೋಣೆ, ಬಚ್ಚಲು, ಚಹಾ ಕಾಯಿಸಲು ಪುಟ್ಟ ಒಲೆಕಟ್ಟೆ ಅವರವರದು. ಬಾವಿ, ಬಟ್ಟೆ ಒಗೆಯುವ ಕಲ್ಲು, ದೊಡ್ಡ ಅಡುಗೆಮನೆ, ಅದರ ಎದುರಿನ ಊಟದ ಚಾವಡಿ ಎಲ್ಲರದು. ದಿನಕ್ಕೊಂದು ಮನೆಯ ಪಾಳಿ, ಮಧ್ಯಾಹ್ನದ ಊಟ ಒಟ್ಟಿಗೆ, ಚಾವಡಿಯಲ್ಲಿ ಮೀನಿಲ್ಲ ಎಂದು ಮನೆ ಕಟ್ಟುವಾಗಲೇ ಮಾತಾಗಿತ್ತು. ಮೊದಲ ತಿಂಗಳು ಎಲ್ಲರೂ ಬಂದರು. ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾದರು. ಪಾಳಿಯವರು ಬಂದ ಇಬ್ಬರು ಮೂವರಿಗೆ ಬಡಿಸಿ ಉಳಿದದ್ದನ್ನು ಮನೆಗೆ ಒಯ್ಯುವುದು ರೂಢಿಯಾಯಿತು.

ಕೊನೆಯ ಮನೆಯ ರಘುವೀರ ಎರಡು ದಿನ ಹಿಂದಿನ ಸಭೆಯಲ್ಲಿ ಹೇಳಿಯೇ ಬಿಟ್ಟಿದ್ದ. "ಬರುವ ಭಾನುವಾರ ನೋಡುವ. ಐದು ಮನೆಯವರಾದರೂ ಊಟಕ್ಕೆ ಬಾರದಿದ್ದರೆ ಚಾವಡಿಗೆ ಗೋಡೆ ಎಬ್ಬಿಸಿ ಮಣಿಪಾಲದ ಸ್ಟೂಡೆಂಟ್ಸಿಗೆ ರೂಮು ಮಾಡುವ. ಖಾಲಿ ಬಿಟ್ಟು ಎಂತ ಪ್ರಯೋಜನ?"

ಮನೋರಮಾ ಮಾತ್ರ, "ಭಾನುವಾರದ ಪಾಳಿ ನನಗೆ ಕೊಡಿ" ಎಂದರು.

ಅವರು ಕಡಲತಡಿಯ ಉಚ್ಚಿಲದವರು. ಮಣಿಪಾಲದ ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಬೆಡ್‌ಶೀಟು ಒಗೆದು, ಇಸ್ತ್ರಿ ಮಾಡಿ ನಿವೃತ್ತರಾದವರು. ಇಬ್ಬರು ತಂಗಿಯರ ಮದುವೆ ಮಾಡಿಸುವುದರಲ್ಲಿ ತಮ್ಮ ಮದುವೆಯ ಕಾಲ ದಾಟಿತ್ತು. ಆ ಮೂವತ್ತೊಂದು ವರ್ಷವೂ ಮಧ್ಯಾಹ್ನದ ಊಟ ಬಿಸಿ ಯಂತ್ರಗಳ ಪಕ್ಕ, ಗೋಡೆಗೆ ಮುಖ ಮಾಡಿ, ಬುತ್ತಿಯಿಂದ. ಇಲ್ಲಿ ಎಲ್ಲಕ್ಕಿಂತ ಸಣ್ಣ ಮನೆಯನ್ನು ಅವರು ತೆಗೆದುಕೊಂಡದ್ದು ಈ ಚಾವಡಿಯನ್ನು ನೋಡಿ. ಇನ್ನೊಮ್ಮೆ ಗೋಡೆ ನೋಡುತ್ತಾ ಉಣ್ಣಲು ಅವರು ಸಿದ್ಧರಿರಲಿಲ್ಲ.

ಮೂವರು ಉಂಡ ಆ ದಿನ ಬುಧವಾರ. ಪಾತ್ರೆ ತೊಳೆದವರೇ ಅವರು ನೇರ ಸುಭಾಷಿಣಿ ಟೀಚರ ಮನೆಗೆ ಹೋದರು.

"ಟೀಚರ್, ಕೋಪ ಮಾಡಬೇಡಿ. ನನ್ನ ಅಡುಗೆಯಲ್ಲಿ ಎಂತ ಕೊರತೆ ಉಂಟು?"

"ನಿಮ್ಮ ಅಡುಗೆ ತಿಂದವರು ಹೇಳಬೇಕು."

"ನೀವು ಬರಲೇ ಇಲ್ಲವಲ್ಲ!"

"ನನಗೆ ಯಾರು ಹೇಳಿದ್ದಾರೆ?"

"ಬೆಳಿಗ್ಗೆಯೇ ಗ್ರೂಪಿನಲ್ಲಿ ಹಾಕಿದ್ದೆ. ಒಂದು ಗಂಟೆಗೆ ಊಟ ಅಂತ."

"ಅದು ನೋಟೀಸು, ಮನೋರಮಾ" ಎಂದರು ಟೀಚರು. ಮುಖದಲ್ಲಿ ನಗು ಇರಲಿಲ್ಲ. "ಮೂವತ್ತು ವರ್ಷ ಶಾಲೆಯಲ್ಲಿ ನೋಟೀಸು ನೋಡಿ ಮೀಟಿಂಗಿಗೆ ಹೋಗಿದ್ದೇನೆ. ನೋಟೀಸು ನೋಡಿ ಊಟಕ್ಕೆ ಹೋಗುವುದಾ?"

ಮನೋರಮಾ ಮೆಟ್ಟಿಲಲ್ಲೇ ಕುಳಿತುಬಿಟ್ಟರು. ಈ ಕಡೆಯ ಯಾವ ಮನೆಯಲ್ಲಾದರೂ ಅಷ್ಟೇ. ಅಚ್ಚು ಹಾಕಿಸಿದ ಆಮಂತ್ರಣದ ಕಾಗದವೇ ಕೈಗೆ ಬಂದಿರಲಿ, ಮನೆಯವರೊಬ್ಬರು ಬಾಗಿಲಿಗೆ ಬಂದು ಬಾಯಿ ತುಂಬ ಕರೆದು ಹೇಳಿಕೆ ಕೊಡದೆ ಊಟಕ್ಕೆ ಹೋಗುವ ಕ್ರಮವಿಲ್ಲ. ಎಲ್ಲರ ಅಡುಗೆಮನೆ, ಯಾರು ಯಾರನ್ನು ಕರೆಯುವುದು ಎಂದು ಎಲ್ಲರೂ ಬಿಟ್ಟಿದ್ದರು. ತಾನೂ ಬಿಟ್ಟಿದ್ದೆ ಎಂದು ಅವರಿಗೆ ಹೊಳೆಯಿತು.

ಪಕ್ಕದ ಮನೆಯಲ್ಲಿ ಬರ್ತಾ ಬಾಯಿ ಅಂಗಳ ಗುಡಿಸುತ್ತಿದ್ದರು. ಗಂಡ ಹೆರಾಲ್ಡರೊಡನೆ ಮಸ್ಕತ್ತಿನಿಂದ ಮರಳಿ ಇಲ್ಲಿ ಮನೆ ಮಾಡಿದವರು. ಊಟಕ್ಕೆ ಯಾಕೆ ಬರುವುದಿಲ್ಲ ಎಂದು ಮನೋರಮಾ ಅವರನ್ನೂ ಕೇಳಿದರು. ಬರ್ತಾ ಬಾಯಿ ಹಿಡಿಸೂಡಿಯ ತುದಿ ನೋಡುತ್ತಾ ಹೇಳಿದರು.

"ನಾವು ಮೀನು ತಿನ್ನುವವರು ಅಲ್ವಾ? ಬರಬೇಡಿ ಅಂತ ಹೇಳಲಿಕ್ಕಾಗದೆ ಕರೆಯುವುದು ಬಿಟ್ಟಿದ್ದಾರೆ ಅಂತ ಅಂದುಕೊಂಡೆವು."

"ಉಚ್ಚಿಲದಲ್ಲಿ ಹುಟ್ಟಿದವಳ ಹತ್ತಿರ ಮೀನಿನ ವಿಷಯ ಹೇಳ್ತೀರಾ ಬಾಯಿ? ನಿನ್ನೆ ರಾತ್ರಿಯ ಬಂಗುಡೆ ಸಾರು ಇನ್ನೂ ನನ್ನ ಒಲೆಯ ಮೇಲೆ ಉಂಟು!"

ಬರ್ತಾ ಬಾಯಿ ಹಿಡಿಸೂಡಿ ಕೆಳಗಿಟ್ಟು ನಕ್ಕರು.

ಭಾನುವಾರ ಬೆಳಿಗ್ಗೆ ಅನ್ನಕ್ಕೆ ಎಸರಿಟ್ಟು ಮನೋರಮಾ ಇಸ್ತ್ರಿ ಮಾಡಿದ ಸೀರೆ ಉಟ್ಟರು. ಮೊಣಕಾಲು ನೋಯುತ್ತಿತ್ತು. ಆದರೂ ಒಂದೊಂದೇ ಮನೆಯ ಮೆಟ್ಟಿಲು ಹತ್ತಿದರು. ಗೇಟಿನಿಂದ ಕೂಗಿ ಹೇಳಲಿಲ್ಲ. ಚಪ್ಪಲಿ ಕಳಚಿ, ಮನೆಯವರು ಹೊರಗೆ ಬರುವವರೆಗೆ ಕಾದು, "ಇವತ್ತು ಮಧ್ಯಾಹ್ನ ಊಟಕ್ಕೆ ಎಲ್ಲರೂ ಬರಬೇಕು. ಒಲೆ ಹಚ್ಚಬೇಡಿ" ಎಂದರು.

ಕೊನೆಗೆ ಉಳಿದದ್ದು ರಘುವೀರನ ಮನೆ. ಬಾಗಿಲು ತೆರೆದವನು ಅವರನ್ನು ಮೇಲಿಂದ ಕೆಳಗೆ ನೋಡಿದ.

"ಚಾವಡಿ ಮುಚ್ಚುವ ಅಂದವನೇ ನಾನು. ನನ್ನನ್ನು ಕರೆಯಲಿಕ್ಕೆ ಬಂದಿರಾ ಮನೋರಮಕ್ಕ?"

"ಹೇಳಿಕೆಗೆ ಹೊರಟ ಮೇಲೆ ಒಂದು ಮನೆ ಬಿಡಲಿಕ್ಕೆ ಉಂಟಾ ಮಾರಾಯ? ನೀನು ಮುಚ್ಚು, ಇಲ್ಲವೇ ಬಿಡು. ಅದು ಊಟದ ನಂತರದ ಮಾತು. ಒಂದು ಗಂಟೆಗೆ ಬಾ."

ಒಂದು ಗಂಟೆಗೆ ಚಾವಡಿಯಲ್ಲಿ ಅವರೊಬ್ಬರೇ ಇದ್ದರು. ಐದು ನಿಮಿಷ. ಹತ್ತು ನಿಮಿಷ. ಮೊದಲು ಟೀಚರು ಬಂದರು, ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದುಕೊಂಡು. ಹಿಂದೆಯೇ ಹೆರಾಲ್ಡ್, ಬರ್ತಾ ಬಾಯಿ. ಆಮೇಲೆ ಬಾಗಿಲ ಬಳಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದವು. ಏಳು ಮನೆಯವರು ಕುಳಿತಾಗಿತ್ತು. ಕೆಂಪಕ್ಕಿ ಅನ್ನ ಬಡಿಸುತ್ತಿರುವಾಗ ರಘುವೀರ ಹೆಂಡತಿಯೊಡನೆ ಬಂದು ಕಂಬದ ಪಕ್ಕ ನಿಂತ.

"ಬಾಗಿಲಿಗೆ ಬಂದು ಕರೆದ ಮೇಲೆ ಬಾರದೆ ಆಗುತ್ತದಾ?" ಎಂದು ಯಾರನ್ನೂ ನೋಡದೆ ಹೇಳಿದ.

"ಕುಳಿತುಕೊಂಡು ಹೇಳು, ಸಾಂಬಾರು ತಣಿಯುತ್ತದೆ" ಎಂದರು ಟೀಚರು.

ಅವನು ಸೌತೆಕಾಯಿ ಸಾಂಬಾರನ್ನು ಎರಡು ಸಲ ಬಡಿಸಿಕೊಂಡ. ಕೈ ತೊಳೆಯುವಾಗ ಒಂದೇ ಮಾತು ಕೇಳಿದ. "ಮನೋರಮಕ್ಕ ಒಬ್ಬರೇ ದಿನಾ ಮೆಟ್ಟಿಲು ಹತ್ತುವುದಾ?"

"ಪಾಳಿ ಯಾರದೋ ಹೇಳಿಕೆಯೂ ಅವರದು" ಎಂದರು ಮನೋರಮಾ. ಇದನ್ನು ಅವರು ಬುಧವಾರವೇ ಯೋಚಿಸಿಟ್ಟಿದ್ದರು. ರಘುವೀರ ತಲೆಯಾಡಿಸಿದ. ಗೋಡೆಯ ಮಾತು ಅಲ್ಲಿಗೆ ನಿಂತಿತು.

ಮರುದಿನ ಬರ್ತಾ ಬಾಯಿಯ ಪಾಳಿ. ಹನ್ನೊಂದೂವರೆಗೆ ದೊಡ್ಡ ಅಡುಗೆಮನೆಯಿಂದ ಒಗ್ಗರಣೆಯ ಪರಿಮಳ ಬಂತು. ಮನೋರಮಾಗೆ ಹಸಿವಾಗಿತ್ತು. ಒಲೆ ಹಚ್ಚಲಿಲ್ಲ, ಚಾವಡಿಯ ಕಡೆಗೂ ಹೋಗಲಿಲ್ಲ. ಸೀರೆ ಬದಲಿಸಿ, ಬಾಗಿಲು ತೆರೆದಿಟ್ಟು, ಕುರ್ಚಿಯಲ್ಲಿ ಕುಳಿತರು.

ಹನ್ನೆರಡರ ಹೊತ್ತಿಗೆ ಮೆಟ್ಟಿಲ ಬಳಿ ಯಾರೋ ಚಪ್ಪಲಿ ಕಳಚಿದ ಸದ್ದಾಯಿತು.